ಅನ್ಯಗ್ರಹಗಳನ್ನು ನಮ್ಮ ಸೂಕ್ಷ್ಮಜೀವಿಗಳಿಂದ ಕಾಯುವ ವಿಚಾರ

ಚಂದ್ರಮಂಡಲಕ್ಕೂ ಮಂಗಳಗ್ರಹಕ್ಕೂ ಯಂತ್ರನೌಕೆಗಳನ್ನು ಕಳುಹಿಸುವ ಕಾರ್ಯಕ್ಕೆ ನಮ್ಮ ದೇಶವೂ ಕೈಹಾಕಿರುವ ಈ ಕಾಲದಲ್ಲಿ, ಆ ನೌಕೆಗಳ ವೇಗವನ್ನೂ ದೂರವನ್ನೂ ವೆಚ್ಚವನ್ನೂ ಕುರಿತು ಪತ್ರಿಕೆಗಳಲ್ಲಿ ಬೇಕಾದಷ್ಟು ಓದುತ್ತೇವೆ. ಆದರೆ ಅವುಗಳನ್ನು ಕಳುಹಿಸುವ ಮುನ್ನ ತೊಳೆಯುವರೋ, ತೊಳೆಯುವುದಾದರೆ ಏತಕ್ಕಾಗಿ ತೊಳೆಯುವರು ಎಂದು ಕೇಳುವವರು ವಿರಳ. ನಮ್ಮ ಹತ್ತನೆಯ ತರಗತಿಯ ಬಾಲಿಕೆಯರಿಗೆ ಸೂಕ್ಷ್ಮಜೀವಿಗಳ ಪಾಠವನ್ನು ಹೇಳುವಾಗ ಈ ವಿಷಯವನ್ನೂ ಅದಕ್ಕೆ ಸೇರಿಸಿ ಕಲಿಸುವುದು ನಮ್ಮ ವಾಡಿಕೆ. ಆ ಪಾಠವನ್ನೇ ಸ್ವಲ್ಪ ವಿಸ್ತರಿಸಿ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡುತ್ತಿದ್ದೇವೆ. ಅಡಿಗೆಮನೆಯ ಹೊಣೆಯನ್ನು ಹೊತ್ತ ವಾಚಕರಿಗೆ ಇದರ ತತ್ತ್ವವು ಮಿಕ್ಕವರಿಗಿಂತ ಬೇಗನೆ ತಿಳಿಯುವುದೆಂದು ನಮ್ಮ ನಂಬಿಕೆ.

ಕಾಸಿ ಆರಿಸಿದ ಒಂದು ಪಾತ್ರೆ ಹಾಲಿಗೆ ಒಂದು ಚಮಚ ಮಜ್ಜಿಗೆಯನ್ನು ಹೆಪ್ಪು ಹಾಕಿ ರಾತ್ರಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆಯೆಲ್ಲವೂ ಮೊಸರಾಗಿರುತ್ತದೆ. ಹೆಪ್ಪಿನಲ್ಲಿದ್ದ ಜೀವಾಣುಗಳು ಹಾಲನ್ನು ಆಹಾರ ಮಾಡಿಕೊಂಡು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಪಾತ್ರೆಯನ್ನು ತುಂಬಿರುತ್ತವೆ. ಈಗ ಯಾರಾದರೂ ಬಂದು, "ಹೆಪ್ಪು ಹಾಕುವುದಕ್ಕೆ ಮೊದಲೇ ಈ ಹಾಲಿನಲ್ಲಿ ತನ್ನದೇ ಆದ ಜೀವಾಣುಗಳು ಏನಾದರೂ ಇದ್ದುವೋ?" ಎಂದು ಕೇಳಿದರೆ ಏನು ಹೇಳೋಣ? ಮೊಸರನ್ನು ಮರಳಿ ಹಾಲು ಮಾಡಿ ನೋಡುವ ಉಪಾಯವಿಲ್ಲ. ಪ್ರಶ್ನೆಯು ಉಳಿಯಿತು, ಉತ್ತರವು ಹೋಯಿತು. ಮಂಗಳಗ್ರಹವು ನಮಗೆ ಹೆಪ್ಪು ಹಾಕದ ಪಾತ್ರೆ. ಈ ಭೂಮಿಯ ಹೊರಗೆ ಎಲ್ಲಿಯಾದರೂ ಜೀವವುಂಟೋ ಎಂಬ ಪ್ರಶ್ನೆಯನ್ನು ಮನುಷ್ಯರು ಬಹುಕಾಲದಿಂದ ಕೇಳುತ್ತಿದ್ದಾರೆ. ಅದಕ್ಕೆ ಪರೀಕ್ಷೆಯಿಂದ ಉತ್ತರವನ್ನು ಪಡೆಯುವ ಸಾಧನಗಳು ನಮ್ಮ ಕಾಲದಲ್ಲಿ ದೊರೆತಿವೆ. ಆ ಸಾಧನಗಳೊಡನೆಯೇ ನಮ್ಮ ಕ್ರಿಮಿಗಳೂ ಅಲ್ಲಿಗೆ ಹೋಗಿ ನೆಲಸಿದರೆ, ಮುಂದೆ ಅಲ್ಲಿ ಕಂಡುಬಂದ ಜೀವವು ಅಲ್ಲಿಯದೋ ನಾವು ಒಯ್ದದ್ದೋ ಎಂದು ಹೇಳುವುದು ದುಸ್ತರವಾಗುತ್ತದೆ.

ಜನರು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಭಯವನ್ನು, ಅಂದರೆ ಅಲ್ಲಿಂದ ಯಾವುದೋ ರೋಗವು ಇಲ್ಲಿಗೆ ಬರುವುದೆಂಬುದನ್ನು ಮುಂದಿಡುತ್ತಾರೆ. ಆ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಹೋಗುವಾಗಿನ ಸೋಂಕೇ ದೊಡ್ಡ ವಿಷಯವೆಂದೂ ಬರುವಾಗಿನ ಸೋಂಕು ಅದರ ನಂತರದ್ದೆಂದೂ ನಾವು ತಿಳಿಯುತ್ತೇವೆ. ಯಾಕೆಂದರೆ ಬರುವ ವಸ್ತುಗಳು ಇದುವರೆಗೆ ಕೆಲವೇ. ಹೋದ ನೌಕೆಗಳಾದರೋ ಬಹಳ.

ಈ ಎಚ್ಚರಿಕೆಯ ಚರಿತ್ರೆಯಲ್ಲಿ ನಮ್ಮ ದೇಶದ ಒಂದು ಊರಿಗೂ ಪಾಲುಂಟು. ೧೯೫೭ ನೆಯ ಇಸವಿ ಅಕ್ಟೋಬರ್ ೪ ರಂದು ರಷ್ಯದವರು ಸ್ಪುಟ್ನಿಕ್ ಎಂಬ ಮೊದಲನೆಯ ಕೃತಕ ಉಪಗ್ರಹವನ್ನು ಹಾರಿಸಿದರು. ಮುಂದಿನ ತಿಂಗಳು ಅಮೆರಿಕದ ಜೀವಶಾಸ್ತ್ರಜ್ಞರಾದ ಜೋಶುವ ಲೆಡರ್‌ಬರ್ಗ್ ಎಂಬವರು ಆಸ್ಟ್ರೇಲಿಯದಿಂದ ಸ್ವದೇಶಕ್ಕೆ ಮರಳುವ ದಾರಿಯಲ್ಲಿ ಕಲ್ಕತ್ತೆಗೆ ಬಂದು, ಆ ವರ್ಷವೇ ಇಂಗ್ಲೆಂಡನ್ನು ಬಿಟ್ಟು ಅಲ್ಲಿ ನೆಲಸಿದ್ದ ಪ್ರಸಿದ್ಧ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರನ್ನು ಕಂಡರು. ನವೆಂಬರ್ ೭ ರಂದು ಚಂದ್ರಗ್ರಹಣವಿತ್ತು. ಅದೇ ದಿನ ರಷ್ಯದ ಕ್ರಾಂತಿಗೆ ನಾಲ್ವತ್ತು ವರ್ಷ ತುಂಬಿದ ಉತ್ಸವ. ಉತ್ಸವದ ಗುರುತಾಗಿ ರಷ್ಯದವರು ಕತ್ತಲಾದ ಚಂದ್ರನ ಮೇಲೆ ಬಾಂಬೊಂದನ್ನು ಸಿಡಿಸಿ ತೋರಿಸಿಯಾರೇ ಎಂಬ ಮಾತು ಅವರಿಬ್ಬರ ನಡುವೆ ಬಂತು. ಅಂಥದೇನೂ ನಡೆಯಲಿಲ್ಲ. ಆದರೆ ರಾಜ್ಯಗಳ ಪೈಪೋಟಿಯ ಭರದಲ್ಲಿ ಗ್ರಹಗಳನ್ನು ಪರೀಕ್ಷಿಸುವ ಮೊದಲೇ ಕೆಡಿಸಿಬಿಡುವರಲ್ಲಾ ಎಂಬ ಚಿಂತೆಯು ಲೆಡರ್‌ಬರ್ಗರನ್ನು ಬಿಡಲಿಲ್ಲ. ಅವರು ಊರಿಗೆ ಮರಳಿದವರೇ ವಿದ್ವಾಂಸರಿಗೆ ಪತ್ರಗಳನ್ನು ಬರೆಯತೊಡಗಿದರು. ಮರುವರ್ಷ ಅವರಿಗೆ ನೊಬೆಲ್ ಪಾರಿತೋಷಕವು ಬೇರೆ ಕಾರ್ಯಕ್ಕಾಗಿ ದೊರೆತುದರಿಂದ ಅವರ ಮಾತಿಗೆ ತೂಕವೂ ಬಂತು.

ಆ ೧೯೫೮ ರಲ್ಲಿಯೇ ಅಂತರಿಕ್ಷ ಸಂಶೋಧನೆಗಾಗಿ ಕೋಸ್ಪಾರ್ ಎಂಬ ಅಂತರರಾಷ್ಟ್ರೀಯ ಸಮಿತಿಯು ಸ್ಥಾಪಿತವಾಯಿತು. ಯಾವ ಗ್ರಹಕ್ಕೆ ಹೋಗುವ ನೌಕೆಯು ಎಷ್ಟು ಶುಚಿಯಾಗಿರಬೇಕೆಂಬ ನಿಯಮಗಳನ್ನು ಗೊತ್ತುಮಾಡುವುದೂ ಕಾಲಕಾಲಕ್ಕೆ ತಿದ್ದುವುದೂ ಈ ಸಮಿತಿಯೇ. ಇದರ ಮೂವತ್ತೊಂಬತ್ತನೆಯ ಮಹಾಸಭೆಯು ೨೦೧೨ ರ ಜುಲೈ ತಿಂಗಳಲ್ಲಿ ನಮ್ಮ ಮೈಸೂರಿನಲ್ಲಿ ಕೂಡಿತ್ತೆಂಬುದನ್ನು ವಾಚಕರಲ್ಲಿ ಕೆಲವರು ಬಲ್ಲರು. ೧೯೬೭ ರ ಅಂತರಿಕ್ಷ ಒಡಂಬಡಿಕೆಯ ಒಂಬತ್ತನೆಯ ವಿಧಿಯು, ಚಂದ್ರನನ್ನೂ ಇತರ ಗೋಲಗಳನ್ನೂ ಹಾನಿಕರವಾಗಿ ಮಲಿನಗೊಳಿಸದಂತೆ ಶೋಧನೆಯನ್ನು ನಡೆಸಬೇಕೆಂದು ರಾಜ್ಯಗಳನ್ನು ಕಟ್ಟಿಹಾಕುತ್ತದೆ. ನಮ್ಮ ದೇಶವೂ ಇದಕ್ಕೆ ಒಪ್ಪಿಕೊಂಡಿದೆ. ಆದರೆ ಸಮಿತಿಯ ನಿಯಮಗಳನ್ನು ಮೀರಿದವರಿಗೆ ದಂಡ ವಿಧಿಸುವ ಅಧಿಕಾರವು ಸಮಿತಿಗಿಲ್ಲ. ಪರಸ್ಪರ ಮರ್ಯಾದೆಯೇ ಅದರ ಬಲ.

ಇನ್ನು ತೊಳೆಯುವ ಕೆಲಸಕ್ಕೆ ಬರೋಣ. ಸಾಬೂನು ನೀರಿನಿಂದಲೋ ಮದ್ಯಸಾರದಿಂದಲೋ ಒರಸಿದರೆ ಸಾಲದೇ ಎಂದು ಬಾಲಿಕೆಯರು ಕೇಳುವುದುಂಟು. ಸಾಲದು. ಕೆಲವು ಜಾತಿಯ ಜೀವಾಣುಗಳು, ಆಹಾರವು ತೀರಿದಾಗಲೂ ಒಣಗಿದಾಗಲೂ, ಗಟ್ಟಿಯಾದ ಕವಚವನ್ನು ಕಟ್ಟಿಕೊಂಡು ಬೀಜಕಗಳಾಗಿ ಮುದುಡಿಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಅವು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಕುದಿಯುವ ನೀರನ್ನು ಕೂಡ ಸಹಿಸುತ್ತವೆ. ಇಂಗ್ಲೆಂಡಿನ ಜಾನ್ ಟಿಂಡಲ್ ಎಂಬ ವಿದ್ವಾಂಸರು ಒಣಹುಲ್ಲಿನ ಕಷಾಯವನ್ನು ಎಷ್ಟು ಕುದಿಸಿದರೂ ಅದು ಮತ್ತೆ ಕೆಡುತ್ತಿದ್ದುದನ್ನು ಕಂಡು ಬೇಸತ್ತು, ೧೮೭೭ ರಲ್ಲಿ ಒಂದು ಉಪಾಯವನ್ನು ಹೂಡಿದರು. ಒಮ್ಮೆ ಕುದಿಸಿ ಬಿಡುವುದು, ಬೀಜಕಗಳು ಅಪಾಯವು ಕಳೆಯಿತೆಂದು ಮೊಳೆತು ಮೃದುವಾದಾಗ ಮತ್ತೆ ಕುದಿಸುವುದು, ಹೀಗೆಯೇ ಪುನಃ. ಬೀಜಕಗಳ ತಾಳ್ಮೆಯನ್ನು ಅವರು ತಾಳ್ಮೆಯಿಂದಲೇ ಗೆದ್ದರು. ಆಸ್ಪತ್ರೆಗಳಲ್ಲಿ ಶಸ್ತ್ರಗಳನ್ನು ಬರಿಯ ಕುದಿನೀರಿನಲ್ಲಿ ಇಡದೆ ಒತ್ತಡದ ಹಬೆಯಲ್ಲಿ ೧೨೧ ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಏರಿಸುವುದೂ ಈ ಬೀಜಕಗಳ ನಿಮಿತ್ತವೇ. ಇವು ಅಂತರಿಕ್ಷದಲ್ಲಿ ಬದುಕುವವೋ ಎಂಬುದನ್ನೂ ಪರೀಕ್ಷಿಸಿದ್ದಾರೆ. ೧೯೮೪ ರಲ್ಲಿ ಮೇಲಕ್ಕೆ ಕಳುಹಿಸಿ ೧೯೯೦ ರಲ್ಲಿ ಇಳಿಸಿಕೊಂಡ ಒಂದು ಉಪಗ್ರಹದಲ್ಲಿಟ್ಟಿದ್ದ ಬೀಜಕಗಳ ಪೈಕಿ, ಸೂರ್ಯನ ನೇರಳಾತೀತ ಕಿರಣಗಳು ತಾಗದಂತೆ ಮರೆಯಲ್ಲಿದ್ದವು ಸುಮಾರು ಆರು ವರ್ಷ ಕಳೆದ ಮೇಲೆಯೂ ಮೊಳೆತವು. ಮಂಗಳಕ್ಕೆ ಹೋಗುವ ಪ್ರಯಾಣವು ಏಳೆಂಟು ತಿಂಗಳಷ್ಟೇ.

ಯಂತ್ರವನ್ನು ಹಬೆಯಲ್ಲಿ ಬೇಯಿಸಿದರೆ ಅದರ ವಿದ್ಯುತ್ ಭಾಗಗಳು ಕೆಡುವುದರಿಂದ ಒಣಬಿಸಿಯನ್ನು ಪ್ರಯೋಗಿಸುತ್ತಾರೆ. ಅಮೆರಿಕದವರು ೧೯೬೨ ರಲ್ಲಿ ಚಂದ್ರನ ಕಡೆಗೆ ಬಿಟ್ಟ ರೇಂಜರ್ ಎಂಬ ನೌಕೆಗಳನ್ನು ಹೀಗೆ ಕಾಯಿಸಿದ್ದರು. ಅವು ಒಂದಾದ ಮೇಲೊಂದು ಕಾರ್ಯಭಂಗವಾದಾಗ, ಬಿಸಿಯಿಂದಲೇ ಭಾಗಗಳು ಬಲಗುಂದಿದವೆಂಬ ಸಂಶಯವು ಹುಟ್ಟಿ, ಚಂದ್ರನ ನೌಕೆಗಳಿಗೆ ಆ ಕ್ರಮವನ್ನು ಕೈಬಿಟ್ಟರು. ನೀರೂ ಗಾಳಿಯೂ ಇಲ್ಲದ ಚಂದ್ರನಲ್ಲಿ ಕ್ರಿಮಿಗಳು ಬೆಳೆಯಲಾರವೆಂಬುದೂ ಅದಕ್ಕೆ ಒಂದು ಸಮಾಧಾನ. ಮಂಗಳದ ವಿಷಯದಲ್ಲಿ ಹಾಗೆ ಬಿಡುವಂತಿರಲಿಲ್ಲ.

೧೯೭೫ ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಹೊರಟ ಎರಡು ವೈಕಿಂಗ್ ನೌಕೆಗಳಷ್ಟು ಶ್ರಮವಹಿಸಿ ಶುದ್ಧಿಮಾಡಿದ ಯಂತ್ರಗಳು ವಿರಳ. ಮೊದಲು ಗಾಳಿಯನ್ನೂ ಸೋಸಿ ಬಿಡುವ ಶುಚಿಕೋಣೆಯಲ್ಲಿ, ಮೈಮುಖಗಳನ್ನು ಮುಚ್ಚಿಕೊಂಡ ಕೆಲಸಗಾರರು ಭಾಗಗಳನ್ನು ಒರಸಿ ಜೋಡಿಸಿದರು. ಮಂಗಳದ ಮೇಲೆ ಇಳಿಯುವ ಇಡೀ ಯಂತ್ರದ ಮೇಲೆ ಮೂರು ಲಕ್ಷಕ್ಕಿಂತ ಹೆಚ್ಚು ಬೀಜಕಗಳು ಇರಬಾರದೆಂದು ಗೊತ್ತುಮಾಡಿದ್ದರು. ಈ ಸಂಖ್ಯೆಯು ದೊಡ್ಡದೆಂದು ತೋರಬಹುದು. ಆದರೆ ನಮ್ಮ ಕೈತೋಟದ ಒಂದು ಚಿಟಿಕೆ ಮಣ್ಣಿನಲ್ಲಿಯೇ ಜೀವಾಣುಗಳು ಕೋಟಿಗಟ್ಟಲೆ ಇರುತ್ತವೆ. ಬಳಿಕ ಯಂತ್ರವನ್ನು ಮುಚ್ಚಳವಿರುವ ದೊಡ್ಡ ಕವಚದೊಳಗಿಟ್ಟು ಭದ್ರಮಾಡಿ, ಕವಚದ ಸಮೇತ ೧೧೧ ಡಿಗ್ರಿಗೂ ಮೇಲ್ಪಟ್ಟ ಉಷ್ಣದಲ್ಲಿ ಸುಮಾರು ೩೦ ತಾಸು ಕಾಯಿಸಿದರು. ಇದರಿಂದ ಉಳಿದ ಬೀಜಕಗಳು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿದವೆಂದು ಲೆಕ್ಕ. ನೌಕೆಯು ಭೂಮಿಯನ್ನು ಬಿಟ್ಟ ಮೇಲೆಯೇ ಮುಚ್ಚಳವು ಕಳಚಿತು. ಬೇಯಿಸಿ ಮುಚ್ಚಿದ ಪಾತ್ರೆಯನ್ನು ಉಣ್ಣುವ ಸ್ಥಳದಲ್ಲಿ ತೆರೆಯುವಂತೆಯೇ ಸರಿ.

ಇಷ್ಟು ಪ್ರಯಾಸಕ್ಕೆ ಫಲವೇನು? ವೈಕಿಂಗ್ ನೌಕೆಗಳು ೧೯೭೬ ರಲ್ಲಿ ಮಂಗಳದ ಮೇಲೆ ಇಳಿದು ಅಲ್ಲಿಯ ಮಣ್ಣಿಗೆ ಪೋಷಕರಸದ ಹನಿಗಳನ್ನು ಹಾಕಿದಾಗ, ಜೀವಿಗಳು ಅದನ್ನು ಉಂಡು ಉಸಿರುಬಿಟ್ಟರೆ ಹೇಗೋ ಹಾಗೆ ವಾಯುವು ಹೊರಟಿತು. ಮೊದಲೇ ಕಾಯಿಸಿದ ಮಣ್ಣಿನಿಂದ ಹಾಗೆ ಹೊರಡಲಿಲ್ಲ. ಆದರೆ ಇನ್ನೊಂದು ಉಪಕರಣವು ಆ ಮಣ್ಣಿನಲ್ಲಿ ಜೀವದ್ರವ್ಯದ ಸುಳಿವನ್ನು ಕಾಣಲಿಲ್ಲವಾಗಿ, ಇದು ಮಣ್ಣಿನ ರಾಸಾಯನಿಕ ಗುಣವೇ ಹೊರತು ಜೀವವಲ್ಲವೆಂದು ಹೆಚ್ಚಿನ ವಿದ್ವಾಂಸರು ತೀರ್ಮಾನಿಸಿದರು. ಆ ಪ್ರಯೋಗವನ್ನು ನಡೆಸಿದ ಗಿಲ್ಬರ್ಟ್ ಲೆವಿನರು ಮಾತ್ರ ಅದು ಜೀವವೇ ಎಂದು ೨೦೨೧ ರಲ್ಲಿ ತಾವು ತೀರಿಹೋಗುವವರೆಗೂ ವಾದಿಸಿದರು. ವಾದವು ಇನ್ನೂ ಪೂರ್ತಿಯಾಗಿ ತಣಿದಿಲ್ಲ. ಆದರೆ ಇದರಲ್ಲಿ ನಾವು ಬಾಲಿಕೆಯರಿಗೆ ಎತ್ತಿ ತೋರಿಸುವುದೇನೆಂದರೆ, ಎರಡು ಪಕ್ಷದವರೂ ಮಂಗಳವನ್ನು ಕುರಿತೇ ವಾದಿಸಿದರು. "ಅದು ಫ್ಲಾರಿಡದಿಂದ ಹೋದ ಕ್ರಿಮಿಯಾಗಿರಬಹುದು" ಎಂಬ ಮಾತಿಗೆ ಆ ಮೂವತ್ತು ತಾಸಿನ ಬಿಸಿಯು ಎಡೆಗೊಡಲಿಲ್ಲ.

ಇದಕ್ಕೆ ಪ್ರತಿಯಾದ ದೃಷ್ಟಾಂತವು ಚಂದ್ರನದು. ೧೯೬೭ ರ ಏಪ್ರಿಲ್ ತಿಂಗಳಲ್ಲಿ ಅಲ್ಲಿಳಿದ ಸರ್ವೇಯರ್ ೩ ಎಂಬ ಯಂತ್ರದ ಕ್ಯಾಮರವನ್ನು ೧೯೬೯ ರ ನವೆಂಬರಿನಲ್ಲಿ ಅಪೊಲೊ ೧೨ ರ ಯಾತ್ರಿಕರು ಬಿಚ್ಚಿ ತಂದರು. ಅದರೊಳಗಿನ ಮೆತ್ತನೆಯ ಚೂರೊಂದರಲ್ಲಿ, ಮನುಷ್ಯರ ಬಾಯಿಗಂಟಲುಗಳಲ್ಲಿ ವಾಸಿಸುವ ಒಂದು ಜೀವಾಣುವು ಸಿಕ್ಕಿತು. ನಮ್ಮ ಕ್ರಿಮಿಯು ಎರಡೂವರೆ ವರ್ಷ ಚಂದ್ರನ ಮೇಲೆ ಬದುಕಿತ್ತೆಂದು ಸುದ್ದಿಯಾಗಿ, ಪಾಠಪುಸ್ತಕಗಳಲ್ಲಿಯೂ ಸೇರಿತು. ೨೦೧೧ ರಲ್ಲಿ ಹಳೆಯ ಚಿತ್ರಗಳನ್ನೂ ಬರಹಗಳನ್ನೂ ಮತ್ತೆ ಶೋಧಿಸಿದವರು, ಪರೀಕ್ಷೆ ಮಾಡಿದವರಿಂದಲೇ ಅದು ಕ್ಯಾಮರಕ್ಕೆ ತಗಲಿರುವ ಸಂಭವವು ಹೆಚ್ಚೆಂದು ತೋರಿಸಿದರು. ನಿಜಾಂಶವನ್ನು ಇನ್ನು ಯಾರೂ ನಿಶ್ಚಯವಾಗಿ ಹೇಳಲಾರರು. ಇಷ್ಟು ಚಿಕ್ಕ ಚೂರಿನ ವಿಷಯದಲ್ಲಿಯೇ ಹೀಗಾದರೆ ಒಂದು ಗ್ರಹದ ಗತಿಯೇನು?

ಶುಚಿಕೋಣೆಗಳನ್ನು ಕುರಿತೂ ಒಂದು ಕೌತುಕವನ್ನು ಹೇಳಬೇಕು. ಎಲ್ಲ ಕಡೆಯೂ ತೊಳೆದು ಒಣಗಿಸಿ ಆಹಾರವೇ ಇಲ್ಲದಂತೆ ಮಾಡಿದ ಆ ಕೋಣೆಗಳು, ಬಡಕಲಾದರೂ ಹಟಮಾರಿಗಳಾದ ಜೀವಾಣುಗಳನ್ನು ಆರಿಸಿ ಉಳಿಸಿಕೊಟ್ಟಂತಾಗಿದೆ. ಟೆರ್ಸಿಕಾಕಸ್ ಫೀನಿಸಿಸ್ ಎಂಬ ಒಂದು ಹೊಸ ಜೀವಾಣುವಿನ ವರ್ಣನೆಯು ೨೦೧೩ ರಲ್ಲಿ ಪ್ರಕಟವಾಯಿತು. ಅದು ಸಿಕ್ಕಿದ್ದು ಎರಡೇ ಸ್ಥಳಗಳಲ್ಲಿ: ಒಂದು ಅಮೆರಿಕದ ಫ್ಲಾರಿಡದ ಶುಚಿಕೋಣೆ, ಇನ್ನೊಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನದ ಶುಚಿಕೋಣೆ. ನಡುವೆ ಸಾವಿರಾರು ಮೈಲು. ಗುಡಿಸಿದಷ್ಟೂ ಮೂಲೆಯ ಧೂಳು ಉಳಿಯುತ್ತದೆಂದು ನಮ್ಮ ವಸತಿಗೃಹದ ಮಕ್ಕಳು ಗೊಣಗುವುದರಲ್ಲಿಯೂ ಸ್ವಲ್ಪ ಸತ್ಯವಿದೆಯೆಂದು ಆಗ ನಮಗೆ ತೋರಿತು.

ಎಲ್ಲ ಗೋಲಗಳಿಗೂ ನಿಯಮವು ಒಂದೇ ಅಲ್ಲ. ಗುರುಗ್ರಹದ ಯುರೋಪ ಎಂಬ ಚಂದ್ರನಲ್ಲಿಯೂ ಶನಿಯ ಎನ್ಸೆಲೇಡಸ್ ಎಂಬ ಚಂದ್ರನಲ್ಲಿಯೂ ಮಂಜುಗಡ್ಡೆಯ ಹೊದಿಕೆಯ ಕೆಳಗೆ ನೀರಿನ ಸಮುದ್ರಗಳುಂಟೆಂದು ತಿಳಿದುಬಂದಿದೆ. ಇದನ್ನು ನಮಗೆ ತಿಳಿಸಿಕೊಟ್ಟ ಗೆಲಿಲಿಯೊ ಮತ್ತು ಕಸೀನಿ ಎಂಬ ನೌಕೆಗಳು ಹಳತಾಗಿ ಅವುಗಳ ಇಂಧನವು ತೀರುತ್ತ ಬಂದಾಗ, ಮುಂದೊಂದು ದಿನ ದಾರಿತಪ್ಪಿ ಆ ಚಂದ್ರಗಳ ಮೇಲೆಯೇ ಬಿದ್ದಾವೆಂಬ ಶಂಕೆಯಿಂದ, ಗೆಲಿಲಿಯೊವನ್ನು ೨೦೦೩ ರ ಸೆಪ್ಟೆಂಬರ್ ೨೧ ರಂದು ಗುರುಗ್ರಹದೊಳಕ್ಕೂ ಕಸೀನಿಯನ್ನು ೨೦೧೭ ರ ಸೆಪ್ಟೆಂಬರ್ ೧೫ ರಂದು ಶನಿಯೊಳಕ್ಕೂ ಬೇಕೆಂದೇ ನಡೆಸಿ ಸುಟ್ಟುಬಿಟ್ಟರು. ತಾವು ಕಂಡುಹಿಡಿದ ವಸ್ತುವಿನ ರಕ್ಷಣೆಗಾಗಿಯೇ ಅವು ನಾಶವಾದವು.

ಇಳಿಯದೆ ಸುತ್ತುವ ನೌಕೆಗಳಿಗೂ ನಿಯಮವುಂಟು. ಮಂಗಳವನ್ನು ಸುತ್ತುವ ನೌಕೆಯನ್ನು ಬೀಜಕಗಳ ಲೆಕ್ಕಕ್ಕೆ ತಕ್ಕಂತೆ ಶುದ್ಧಿಮಾಡದೆ ಹೋದರೆ, ಅದು ಮೊದಲ ೨೦ ವರ್ಷಗಳಲ್ಲಿ ಗ್ರಹದ ಮೇಲೆ ಬೀಳುವ ಸಂಭವವು ನೂರಕ್ಕೆ ಒಂದನ್ನೂ, ೫೦ ವರ್ಷ ತುಂಬುವವರೆಗಿನ ಸಂಭವವು ನೂರಕ್ಕೆ ಐದನ್ನೂ ಮೀರಕೂಡದು. ಬೆಂಗಳೂರಿನ ಸಂಸ್ಥೆಯವರು ೨೦೧೩ ರ ನವೆಂಬರ್ ೫ ರಂದು ಹಾರಿಸಿ, ೨೦೧೪ ರ ಸೆಪ್ಟೆಂಬರ್ ೨೪ ರಂದು ಮಂಗಳದ ಕಕ್ಷೆಗೆ ಸೇರಿಸಿದ ನಮ್ಮ ಮಂಗಳಯಾನವು ಇಂಥ ಸುತ್ತುವ ನೌಕೆಯೇ. ಬ್ಯಾಲಾಳಿನ ದೊಡ್ಡ ಆಂಟೆನಾದ ಮೂಲಕ ಅದರೊಡನೆ ಮಾತು ನಡೆಯುತ್ತಿತ್ತು. ೨೦೨೨ ರಲ್ಲಿ ಅದು ಮೂಕವಾಯಿತು. ಮಾತು ನಿಂತ ನೌಕೆಯನ್ನು ತಿರುಗಿಸುವಂತಿಲ್ಲ. ಆದಕಾರಣ ಇಂಥ ನೌಕೆಗಳ ಕೊನೆಯನ್ನು ಹೊರಡುವ ಮೊದಲೇ ಯೋಚಿಸಿಡಬೇಕಾಗುತ್ತದೆ.

ಬರುವಾಗಿನ ಸೋಂಕಿನ ವಿಷಯ. ಸಂಶಯವುಳ್ಳವನನ್ನು ಏಳು ದಿನ ಪ್ರತ್ಯೇಕವಾಗಿರಿಸಿ ಮತ್ತೆ ಪರೀಕ್ಷಿಸುವ ಕ್ರಮವನ್ನು ಯಾಜಕಕಾಂಡದಲ್ಲಿ ನಮ್ಮ ಮಕ್ಕಳು ಓದಿರುತ್ತಾರೆ. ೧೯೬೯ ರಲ್ಲಿ ಚಂದ್ರನಿಂದ ಬಂದ ಮೂವರು ಯಾತ್ರಿಕರನ್ನು ಅದೇ ರೀತಿ ಮೂರು ವಾರದ ಪ್ರತ್ಯೇಕವಾಸದಲ್ಲಿಟ್ಟು, ಅವರು ತಂದ ಮಣ್ಣನ್ನು ಇಲಿ, ಹಕ್ಕಿ, ಸಸ್ಯಗಳ ಮೇಲೆ ಪ್ರಯೋಗಿಸಿ ನೋಡಿದರು. ಆದರೆ ನೌಕೆಯು ಜುಲೈ ೨೪ ರಂದು ಸಮುದ್ರಕ್ಕೆ ಬಿದ್ದೊಡನೆಯೇ ಅದರ ಬಾಗಿಲನ್ನು ಹೊರಗಾಳಿಗೆ ತೆರೆದಿದ್ದರು! ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಹಾಗಾಯಿತು. ಚಂದ್ರನಲ್ಲಿ ಯಾವ ಜೀವಿಯೂ ಇಲ್ಲದ್ದರಿಂದ ಕೇಡು ತಟ್ಟಲಿಲ್ಲ. ಅಪೊಲೊ ೧೪ ರ ತರುವಾಯ ಪ್ರತ್ಯೇಕವಾಸವನ್ನೇ ನಿಲ್ಲಿಸಿದರು.

ಈ ಎಚ್ಚರಿಕೆಯೆಲ್ಲವೂ ವ್ಯರ್ಥವೆನ್ನುವ ತಿಳಿದವರೂ ಇದ್ದಾರೆ. ಅವರ ಮಾತನ್ನು ಬಿಟ್ಟುಹೋಗುವುದು ನ್ಯಾಯವಲ್ಲ. ಮಂಗಳದಿಂದ ಸಿಡಿದ ಕಲ್ಲುಗಳು ತಾವಾಗಿಯೇ ಭೂಮಿಗೆ ಬಿದ್ದಿವೆ, ೧೮೬೫ ರ ಆಗಸ್ಟ್ ೨೫ ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದದ್ದು ಅಂಥದೇ. ಇಲ್ಲಿಯ ಕಲ್ಲುಗಳೂ ಪೂರ್ವದಲ್ಲಿ ಅಲ್ಲಿಗೆ ಹೋಗಿರಬಹುದು. ಹಾಗಿರುವಾಗ ನಮ್ಮ ನೌಕೆಯದು ಏನು ಹೆಚ್ಚು, ಎಂದು ಅವರು ಕೇಳುತ್ತಾರೆ. ಇದರಲ್ಲಿ ಬಲವಿದೆ. ಆದರೆ ಅಂಥ ಕಲ್ಲು ಸಾಮಾನ್ಯವಾಗಿ ಭಯಂಕರ ಆಘಾತದಿಂದ ಸಿಡಿದು ಲಕ್ಷಾಂತರ ವರ್ಷ ಅಲೆದು ಬರುವ ವಸ್ತು. ನೌಕೆಯಾದರೋ ಕೆಲವೇ ತಿಂಗಳಲ್ಲಿ, ಮೆಲ್ಲನೆ, ನಾವು ಜೀವವಿರಬಹುದೆಂದು ಹುಡುಕುವ ಸ್ಥಳದಲ್ಲಿಯೇ ಇಳಿಯುತ್ತದೆ. ಮಂಗಳದ ಶೀತವೂ ಬಿಸಿಲಿನ ಕಿರಣಗಳೂ ಕ್ರಿಮಿಗಳನ್ನು ಕೊಲ್ಲುತ್ತವೆಂಬ ಮಾತೂ ನಿಜ. ಯಂತ್ರದ ಸಂದಿನಲ್ಲಿಯೂ ಧೂಳಿನ ಮರೆಯಲ್ಲಿಯೂ ಇರುವವಕ್ಕೆ ಅದು ಸಲ್ಲುವುದಿಲ್ಲ. ನಮ್ಮ ಬಯಲುಗಳಲ್ಲಿ ಈಗ ಎಲ್ಲೆಲ್ಲಿಯೂ ಹಬ್ಬಿರುವ ಕಾಂಗ್ರೆಸ್ ಗಿಡವು ೧೯೫೦ ರ ದಶಕದಲ್ಲಿ ಪರದೇಶದ ಧಾನ್ಯದೊಡನೆ ಬಂತೆಂದು ಹೇಳುತ್ತಾರೆ. ಅದನ್ನು ಯಾರೂ ಬಿತ್ತಲಿಲ್ಲ. ಈಗ ವರ್ಷವರ್ಷವೂ ಕೀಳುವವರು ಮಾತ್ರ ನಮ್ಮ ರೈತಹೆಂಗಸರು.

ಹೆಚ್ಚು ಕಠಿಣವಾದ ಪ್ರಶ್ನೆಯು ಮನುಷ್ಯರದು. ಯಂತ್ರವನ್ನು ಬೇಯಿಸಬಹುದು, ಮನುಷ್ಯರನ್ನು ಬೇಯಿಸಲಾಗದು. ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು ಮೂವತ್ತೆಂಟು ಲಕ್ಷ ಕೋಟಿ ಜೀವಾಣುಗಳು ಇರುತ್ತವೆಂದು ಅಂದಾಜು. ಯಾತ್ರಿಕರು ಮಂಗಳದ ಮೇಲೆ ಕಾಲಿಟ್ಟ ದಿನವೇ ಹೆಪ್ಪು ಬಿದ್ದಂತೆ. ಆದುದರಿಂದ ಮನುಷ್ಯರು ಹೋಗುವ ಮುಂಚೆ ಯಂತ್ರಗಳಿಂದ ಪರೀಕ್ಷೆಯನ್ನು ಮುಗಿಸಿಕೊಳ್ಳಬೇಕೆಂಬ ಪಕ್ಷವೇ ನಮಗೆ ಸರಿಯೆನಿಸುತ್ತದೆ. ಮೊದಲು ಹೋದವರಿಗೆ ಕೀರ್ತಿಯೆಂಬ ಅವಸರದಲ್ಲಿ ಇದು ನಡೆದೀತೇ ಎಂಬ ಸಂದೇಹವೂ ಇದೆ. ೨೦೧೯ ರ ಏಪ್ರಿಲ್ ೧೧ ರಂದು ಚಂದ್ರನ ಮೇಲೆ ಬಿದ್ದೊಡೆದ ಇಸ್ರಾಯೇಲಿನ ಬೆರೆಶೀಟ್ ಎಂಬ ನೌಕೆಯಲ್ಲಿ, ನೀರುಕರಡಿಗಳೆಂಬ ಅತಿ ಸೂಕ್ಷ್ಮ ಪ್ರಾಣಿಗಳನ್ನು ಒಣಗಿಸಿದ ಸ್ಥಿತಿಯಲ್ಲಿ ಒಂದು ಖಾಸಗಿ ಸಂಸ್ಥೆಯವರು ಇಟ್ಟು ಕಳುಹಿಸಿದ್ದು ಲೋಕಕ್ಕೆ ತಿಳಿದದ್ದು ನಾಲ್ಕು ತಿಂಗಳ ನಂತರ. ಚಂದ್ರನಾದುದರಿಂದ ಅವು ಹರಡಲಾರವು. ಕೇಳದೆ ಕಳುಹಿಸಿದ್ದು ಮಾತ್ರ ತಪ್ಪೆಂದೇ ನಮ್ಮ ಅಭಿಪ್ರಾಯ.

ವೈಕಿಂಗ್ ನೌಕೆಯಂತೆ ಇಡೀ ಯಂತ್ರವನ್ನು ಬೇಯಿಸುವ ಕ್ರಮವು ಅಮೆರಿಕದವರಲ್ಲಿ ಆಮೇಲೆ ನಡೆಯಲಿಲ್ಲ, ವೆಚ್ಚವು ಹೆಚ್ಚು. ಒರಸಿ, ಬೇಕಾದ ಭಾಗಗಳನ್ನು ಮಾತ್ರ ಕಾಯಿಸಿ ಕಳುಹಿಸುತ್ತಾರೆ. ಇದರಿಂದ ಒಂದು ವಿಪರೀತವು ಹುಟ್ಟಿದೆ. ನೀರು ಇರಬಹುದಾದ ಸ್ಥಳಗಳಿಗೆ ಪೂರ್ಣಶುದ್ಧಿಯಾಗದ ಯಂತ್ರವು ಹೋಗಕೂಡದು. ಜೀವವನ್ನು ಹುಡುಕುವುದಕ್ಕೆ ಹೋಗಬೇಕಾದ್ದೋ ಅದೇ ಸ್ಥಳಗಳಿಗೆ. ೨೦೧೧ ರಲ್ಲಿ ಹೊರಟ ಕ್ಯೂರಿಯಾಸಿಟಿ ಎಂಬ ಯಂತ್ರದ ಕೊರೆಯುವ ಮೊಳೆಗಳಿದ್ದ ಶುದ್ಧವಾದ ಪೆಟ್ಟಿಗೆಯನ್ನು, ಶುಚಿತ್ವದ ಅಧಿಕಾರಿಗಳ ಅನುಮತಿಯನ್ನು ಮುಂಚಿತವಾಗಿ ಪಡೆಯದೆ ತೆರೆದು ಒಂದು ಮೊಳೆಯನ್ನು ಜೋಡಿಸಿದ್ದರಿಂದ, ಆ ಯಂತ್ರವು ನೀರುಮಂಜುಗಳಿರುವ ತಾಣವನ್ನು ಮುಟ್ಟಬಾರದೆಂದು ಅದರ ದರ್ಜೆಯನ್ನೇ ಬದಲಾಯಿಸಬೇಕಾಯಿತು.

೨೦೨೧ ರ ಫೆಬ್ರವರಿ ೧೮ ರಂದು ಜೆಜೆರೊ ಎಂಬ ಕುಳಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ಯಂತ್ರವು ಈ ವಿಷಯದಲ್ಲಿ ಹೆಚ್ಚು ಜಾಗ್ರತೆಯ ಫಲ. ಕಲ್ಲುಮಣ್ಣುಗಳನ್ನು ತುಂಬಿಡಲು ಅದರಲ್ಲಿ ೪೩ ನಳಿಕೆಗಳಿದ್ದವು; ಅವುಗಳಲ್ಲಿ ಐದು ಸಾಕ್ಷಿನಳಿಕೆಗಳು. ಇವುಗಳಲ್ಲಿ ಮಂಗಳದ ಕಲ್ಲನ್ನು ತುಂಬುವುದಿಲ್ಲ. ಯಂತ್ರದಿಂದಲೇ ಹೊರಡುವ ಭೂಮಿಯ ಕೊಳೆಯು ಏನಿದೆಯೋ ಅದನ್ನು ಹಿಡಿದಿಟ್ಟುಕೊಳ್ಳುವುದೇ ಇವುಗಳ ಕೆಲಸ. ೨೦೨೪ ರ ಜುಲೈ ತಿಂಗಳಲ್ಲಿ ಆ ಯಂತ್ರವು ಚಿರತೆಯ ಮೈಯಂತೆ ಚುಕ್ಕೆಗಳಿರುವ ಒಂದು ಬಂಡೆಯಿಂದ ತುಂಡನ್ನು ಕೊರೆದು ಇಟ್ಟುಕೊಂಡಿತು. ಆ ಚುಕ್ಕೆಗಳು ಪೂರ್ವಕಾಲದ ಸೂಕ್ಷ್ಮಜೀವಿಗಳ ಗುರುತಾಗಿರಬಹುದೆಂದೂ, ಜೀವವಿಲ್ಲದೆಯೂ ಹಾಗೆ ಆಗಬಹುದೆಂದೂ ೨೦೨೫ ರ ಸೆಪ್ಟೆಂಬರಿನಲ್ಲಿ ವಿದ್ವಾಂಸರು ಪ್ರಕಟಿಸಿದರು. ಯಂತ್ರದ ಉಪಕರಣಗಳಿಂದ ಇದಕ್ಕಿಂತ ಹೆಚ್ಚಾಗಿ ತಿಳಿಯುವಂತಿಲ್ಲ. ತುಂಡು ಭೂಮಿಗೆ ಬರಬೇಕು. ಅದನ್ನು ತರುವ ಏರ್ಪಾಡು ವೆಚ್ಚದ ನಿಮಿತ್ತ ಕುಂಟುತ್ತಿದೆ. ಹತ್ತು ನಳಿಕೆಗಳು ಮಂಗಳದ ನೆಲದ ಮೇಲೆ ಸಾಲಾಗಿ ಬಿದ್ದಿವೆ, ಅವುಗಳಲ್ಲಿ ಒಂದು ಸಾಕ್ಷಿನಳಿಕೆ. ಮಿಕ್ಕವು ಯಂತ್ರದಲ್ಲಿಯೇ ಇವೆ. ಎಂದಾದರೂ ಅವು ಇಲ್ಲಿಗೆ ಬಂದು ತೆರೆಯಲ್ಪಟ್ಟಾಗ, ಚುಕ್ಕೆಯ ಕಲ್ಲಿನಲ್ಲಿ ಕಂಡದ್ದನ್ನು ಕಲ್ಲಿಲ್ಲದ ನಳಿಕೆಯಲ್ಲಿ ಕಂಡದ್ದರೊಡನೆ ಹೋಲಿಸಿ, ಎರಡರಲ್ಲಿಯೂ ಇರುವುದನ್ನು ನಮ್ಮದೆಂದು ಲೆಕ್ಕದಿಂದ ತೆಗೆದುಹಾಕುವರು.